ಹತ್ತು ಗುಂಟೆಯಲ್ಲಿ ಮೊಲಕ್ಕೂ ಒಂದು ಪಾಲು

ಕೆ.ಆರ್. ಪುರದ ತೂಗುಸೇತುವೆ ದಾಟಿ ಹಳೆ ಮದ್ರಾಸು ರಸ್ತೆಯಲ್ಲಿ ಹೊಸಕೋಟೆಯ ಕಡೆಗೆ ಹೊರಟವರಿಗೆ ಈಚಿನ ವರ್ಷಗಳಲ್ಲಿ ಒಂದು ಬಗೆಯ ಜಾಹೀರಾತು ಫಲಕ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಹಸಿರು ಹುಲ್ಲುಹಾಸು, ಅದರ ನಡುವೆ ಹೆಂಚಿನ ಪುಟ್ಟ ಮನೆ, ಮಾವಿನ ಗಿಡದ ಪಕ್ಕದಲ್ಲಿ ನಗುತ್ತ ನಿಂತ ಕುಟುಂಬ. ಮಾರಾಟಕ್ಕಿರುವುದು ನಿವೇಶನವಲ್ಲ, ತೋಟ. ಅಳತೆ ಹತ್ತು ಗುಂಟೆ, ಅಂದರೆ ಕಾಲು ಎಕರೆ. ಬೇಲಿ, ಕಾವಲು, ಹನಿ ನೀರಾವರಿ, ಗಿಡಗಳ ಆರೈಕೆ ಎಲ್ಲವನ್ನೂ ಮಾರಿದವರೇ ನೋಡಿಕೊಳ್ಳುತ್ತಾರೆ. ಕೊಂಡವರು ವಾರಾಂತ್ಯದಲ್ಲಿ ಬಂದು ಒಳ್ಳೆಯ ಗಾಳಿ ಸೇವಿಸಿ ಹೋದರೆ ಸಾಕು. ಹಲಸೂರು, ಇಂದಿರಾನಗರ, ಫ್ರೇಜರ್ ಟೌನ್‌ಗಳ ಅಪಾರ್ಟ್‌ಮೆಂಟುಗಳಲ್ಲಿ ಕುಳಿತವರಿಗೆ ಇದಕ್ಕಿಂತ ಹಿತವಾದ ಕನಸು ಇನ್ನೊಂದಿರಲಾರದು.

ಈ ಕನಸಿಗೆ ಕಾನೂನಿನ ಬಾಗಿಲು ತೆರೆದದ್ದು 2020ರಲ್ಲಿ. ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳು ಅಲ್ಲಿಯವರೆಗೆ ಕೃಷಿಕರಲ್ಲದವರು ಮತ್ತು ಕೃಷಿಯೇತರ ಆದಾಯ ಮಿತಿ ಮೀರಿದವರು ಸಾಗುವಳಿ ಭೂಮಿ ಕೊಳ್ಳದಂತೆ ತಡೆದಿದ್ದವು. ತಿದ್ದುಪಡಿಯಲ್ಲಿ ಆ ಕಲಂಗಳು ಹೋದವು. ಅದು ರೈತನಿಗೆ ಒಳಿತೇ ಕೆಡುಕೇ ಎಂಬ ಚರ್ಚೆ ಆಗ ಬೇಕಾದಷ್ಟು ನಡೆದಿದೆ, ಇನ್ನೂ ನಡೆಯಬೇಕಾಗಿದೆ. ಆದರೆ ಆ ಚರ್ಚೆಯಲ್ಲಿ ಯಾರೂ ಕೇಳದ ಒಂದು ಪ್ರಶ್ನೆ ಉಳಿದುಹೋಗಿದೆ. ಹೀಗೆ ಕೈಬದಲಾಗುತ್ತಿರುವ ಹತ್ತು ಹತ್ತು ಗುಂಟೆಗಳಲ್ಲಿ ನಮಗಿಂತ ಮೊದಲೇ ವಾಸವಿದ್ದವರು ಎಲ್ಲಿಗೆ ಹೋಗಬೇಕು?

ವಾಸವಿದ್ದವರು ಎಂದರೆ ಹುಲಿ, ಆನೆಗಳಲ್ಲ. ಬಂದರಿಕೆ ಪೊದೆಯ ಕೆಳಗೆ ಹಗಲೆಲ್ಲ ಕಿವಿ ಮಡಿಸಿ ಕೂರುವ ಮೊಲ. ಮುಂಜಾನೆ ಕೂಗುವ ಕೌಜುಗ. ಬದುವಿನ ಬಿಲದಲ್ಲಿ ಮರಿ ಸಾಕುವ ಮುಂಗುಸಿ. ಹುಣಸೆಮರದ ಪೊಟರೆಯಲ್ಲಿ ಕೂತು ಇಲಿಗಾಗಿ ಕಾಯುವ ಗೂಬೆ. ಉಡ, ಕೇರೆಹಾವು, ನವಿಲು, ಕಬ್ಬೆಕ್ಕು. ಮರದಿಂದ ಮರಕ್ಕೆ ಕೊಂಬೆ ಹಿಡಿದೇ ದಾಟಬೇಕಾದ, ನೆಲಕ್ಕಿಳಿದರೆ ನಾಯಿಯ ಬಾಯಿಗೆ ಬೀಳುವ ಕಾಡುಪಾಪ. ಬೆಂಗಳೂರಿನ ಪೂರ್ವಕ್ಕಿರುವ ಹೊಸಕೋಟೆ, ಮಾಲೂರು, ಕೋಲಾರಗಳ ಬಯಲುಸೀಮೆಯಲ್ಲಿ ಇವು ಯಾವತ್ತೂ ಕಾದಿಟ್ಟ ಅರಣ್ಯದ ಪ್ರಜೆಗಳಾಗಿರಲಿಲ್ಲ. ಗೋಮಾಳ, ಗುಂಡುತೋಪು, ಕೆರೆಯಂಗಳ, ಜಮೀನಿನ ಬೇಲಿ, ಬದು, ಬಂಡೆಸಾಲು, ಇವೇ ಅವುಗಳ ರಾಜ್ಯ.

ಖರಾಬು ಎಂಬ ಹೆಸರಿನ ಸಂಪತ್ತು

ನಮ್ಮ ಕಂದಾಯ ಭಾಷೆಯಲ್ಲಿ ಜಮೀನಿಗೆ ಖುಷ್ಕಿ, ತರಿ, ಬಾಗಾಯ್ತು ಎಂಬ ಜಾತಿಗಳಿವೆ. ಇವುಗಳ ಜೊತೆಗೆ ಪಹಣಿಯಲ್ಲಿ ಮೂಲೆಗೆ ಸರಿಸಿದಂತೆ ಇನ್ನೊಂದು ಪದವಿದೆ: ಖರಾಬು. ಸರ್ವೆ ನಡೆದಾಗ ಸಾಗುವಳಿಗೆ ಯೋಗ್ಯವಲ್ಲವೆಂದು ಕಂಡ ಬಂಡೆ, ತಗ್ಗು, ಪೊದೆಗಳ ಜಾಗ 'ಎ' ಖರಾಬು. ಹಳ್ಳ, ಕಾಲುದಾರಿ ಮೊದಲಾಗಿ ಸಾರ್ವಜನಿಕರಿಗೆಂದು ಬಿಟ್ಟದ್ದು 'ಬಿ' ಖರಾಬು. ಇವುಗಳಿಗೆ ಕಂದಾಯವಿಲ್ಲ. ಉತ್ತರೂ ಬೆಳೆ ಬಾರದ ಈ ತುಂಡುಗಳನ್ನು ರೈತ ಹಾಗೆಯೇ ಬಿಟ್ಟ. ಅಲ್ಲಿ ಕಾರೆ, ಕವಳೆ, ತಂಗಡಿ, ಎಲಚಿ, ಈಚಲು ತಮ್ಮಷ್ಟಕ್ಕೆ ಬೆಳೆದವು. ಹೊಲದ ಸುತ್ತ ಕಳ್ಳಿ, ಕತ್ತಾಳೆಯ ಬೇಲಿಯಿತ್ತು. ರಾಗಿ ಕೊಯ್ಲಾದ ಮೇಲೆ ಕೂಳೆ ಉಳಿಯುತ್ತಿತ್ತು, ಅವರೆ ಸಾಲು ಉಳಿಯುತ್ತಿತ್ತು. ಯಾವ ಸಂರಕ್ಷಣಾ ಯೋಜನೆಯೂ ಇಲ್ಲದೆ, ಯಾರೂ ಪುಣ್ಯ ಗಳಿಸುವ ಉದ್ದೇಶವಿಲ್ಲದೆ, ಸಣ್ಣ ಹಿಡುವಳಿಗಳ ಈ ಅಚ್ಚುಕಟ್ಟಿಲ್ಲದ ಅಂಚುಗಳೇ ಸಣ್ಣ ಪ್ರಾಣಿಗಳ ಅಭಯಾರಣ್ಯವಾಗಿದ್ದವು.

ತೋಟದ ಹೆಸರಿನ ಹೊಸ ಬಡಾವಣೆ ಮೊದಲು ಅಳಿಸುವುದು ಈ ಅಂಚುಗಳನ್ನೇ. ಜೆಸಿಬಿ ಬಂದು ಬಂಡೆ, ಬದು, ಪೊದೆಗಳನ್ನು ಒಂದೇ ದಿನದಲ್ಲಿ ಸಮ ಮಾಡುತ್ತದೆ. ಕಳ್ಳಿಬೇಲಿಯ ಜಾಗದಲ್ಲಿ ಸಿಮೆಂಟಿನ ಹಲಗೆಗಳ ಕಾಂಪೌಂಡು ಏಳುತ್ತದೆ. ಹುಲ್ಲುಹಾಸಿಗೆ ದಿನವೂ ನೀರು, ಗೆದ್ದಲಿಗೆ ಔಷಧಿ, ಇಲಿಗೆ ಪಾಷಾಣ, ರಾತ್ರಿಯಿಡೀ ದೀಪ. ಮರಗಳೇನೋ ಇರುತ್ತವೆ. ಆದರೆ ಹಸಿರಾಗಿ ಕಾಣುವುದೆಲ್ಲ ಜೀವಿಗಳಿಗೆ ನೆಲೆಯಾಗಬೇಕೆಂದಿಲ್ಲ. ಗುಡಿಸಿ ಒಪ್ಪ ಮಾಡಿದ ಕಾಲು ಎಕರೆ ತೋಟದಲ್ಲಿ ಮೊಲವೊಂದು ಅಡಗಲು ಮೊರದಗಲ ಜಾಗವೂ ಇಲ್ಲದಿರಬಹುದು.

ಬೇಟೆಗಾರನಿಂದ ಕಲಿಯಬೇಕಾದದ್ದು

ಈ ಮಾತನ್ನು ನನಗೆ ಮನದಟ್ಟು ಮಾಡಿಸಿದವನು, ವಿಚಿತ್ರವೆಂದರೆ, ಒಬ್ಬ ಬೇಟೆಗಾರ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿರುವ ನನ್ನ ಸೋದರಳಿಯನ ಮನೆಗೆ ಹೋಗಿದ್ದಾಗ ಅವನ ನೆರೆಯಾತ ತನ್ನ ನಲವತ್ತು ಎಕರೆ ಜಮೀನನ್ನು ಸುತ್ತಾಡಿಸಿ ತೋರಿಸಿದ. ಅಲ್ಲಿಯ ಲೆಕ್ಕದಲ್ಲಿ ಅದು ಸಣ್ಣ ಹಿಡುವಳಿ. ಆತನ ಗುರಿ ಒಂದೇ: ಬಿಳಿಬಾಲದ ಜಿಂಕೆ. ಚಳಿಗಾಲದ ಆರಂಭದ ಬೇಟೆಯ ಋತುವಿನಲ್ಲಿ ಒಂದೋ ಎರಡೋ ಜಿಂಕೆ ಹೊಡೆಯುವುದಕ್ಕಾಗಿ ಉಳಿದ ವರ್ಷವೆಲ್ಲ ಆತ ಆ ನೆಲವನ್ನು ಸಿದ್ಧಪಡಿಸುತ್ತಾನೆ. ಒಂದು ಮೂಲೆಯಲ್ಲಿ ಜಿಂಕೆಗೆಂದೇ ಕ್ಲೋವರ್ ಸೊಪ್ಪು, ಓಟ್ಸ್ ಬಿತ್ತುತ್ತಾನೆ. ಕೆಲವು ಮರಗಳನ್ನು ಅರ್ಧ ಕಡಿದು ಬಾಗಿಸುತ್ತಾನೆ. ಸಾಯದೆ ನೆಲಮಟ್ಟದಲ್ಲಿ ಚಿಗುರುವ ಆ ಮರ ಮೇವೂ ಆಗುತ್ತದೆ, ಮರೆಯೂ ಆಗುತ್ತದೆ. ಮಳೆನೀರು ನಿಲ್ಲುವಂತೆ ಸಣ್ಣ ಗುಂಡಿ ತೋಡಿದ್ದಾನೆ. ಜಮೀನಿನ ನಟ್ಟನಡುವೆ ಸುಮಾರು ಹತ್ತು ಎಕರೆಗೆ ಆತನೇ ಕಾಲಿಡುವುದಿಲ್ಲ. ಪ್ರಾಣಿಗೆ ಭಯವಿಲ್ಲದ ಒಂದು ಜಾಗ ಇರಲೇಬೇಕು, ಇಲ್ಲದಿದ್ದರೆ ಮೇವೆಷ್ಟಿದ್ದರೂ ಅದು ನಿಲ್ಲುವುದಿಲ್ಲ ಎಂಬುದು ಆತನ ವಾದ.

ಆತನ ಕೋವಿಯ ಮೇಲೆ ನನಗೆ ಪ್ರೀತಿಯಿಲ್ಲ. ಆದರೆ ಆತನ ತಿಳಿವಳಿಕೆಯ ಮೇಲೆ ಗೌರವ ಹುಟ್ಟಿತು. ಪ್ರಾಣಿಯೊಂದಕ್ಕೆ ಬೇಕಾದದ್ದು ಮೇವು, ನೀರು, ಮರೆ, ನಿರ್ಭಯ. ಈ ನಾಲ್ಕೂ ಅದರ ನಡಿಗೆಯ ದೂರದಲ್ಲಿರಬೇಕು. ಇನ್ನೂ ಮುಖ್ಯವಾದ ಸಂಗತಿಯೊಂದಿದೆ. ಬಿಳಿಬಾಲದ ಜಿಂಕೆಯೊಂದು ಓಡಾಡುವ ವ್ಯಾಪ್ತಿ ಸಾಮಾನ್ಯವಾಗಿ ನೂರಾರು ಎಕರೆ. ನಲವತ್ತು ಎಕರೆಯವನು ಎಷ್ಟು ಶ್ರಮಪಟ್ಟರೂ ಜಿಂಕೆ ಬೇಲಿ ಹಾರಿ ಪಕ್ಕದವನಲ್ಲಿಗೆ ಹೋಗಿಯೇ ಹೋಗುತ್ತದೆ. ಆದ್ದರಿಂದ ಆ ಸೀಮೆಯ ಸಣ್ಣ ಹಿಡುವಳಿದಾರರು ಕೂಡಿ ಒಪ್ಪಂದ ಮಾಡಿಕೊಂಡಿದ್ದಾರೆ: ಎಳೆಯ ಗಂಡುಜಿಂಕೆಯನ್ನು ಯಾರೂ ಹೊಡೆಯಬಾರದು, ಯಾರ ಜಮೀನಿನಲ್ಲಿ ಮರೆ, ಯಾರಲ್ಲಿ ಮೇವು ಎಂದು ಮಾತಾಡಿಕೊಂಡೇ ಬೆಳೆಸಬೇಕು. ಅಲ್ಲಿಯ ಕಾನೂನಿನಲ್ಲಿ ಜಿಂಕೆ ನೆಲದ ಒಡೆಯನ ಸ್ವತ್ತಲ್ಲ, ಸಾರ್ವಜನಿಕರ ಪರವಾಗಿ ರಾಜ್ಯದ ವಶದಲ್ಲಿರುವ ಸ್ವತ್ತು. ನೆಲ ನನ್ನದು, ಅದರ ಮೇಲೆ ನಡೆಯುವ ಜೀವ ಎಲ್ಲರದು ಎಂಬ ಅರಿವು ಅಲ್ಲಿ ಬೇಟೆಗಾರನಿಗೂ ಇದೆ.

ಇದರ ಹಿಂದೆ ಒಂದು ಇತಿಹಾಸವಿದೆ. 1900ರ ಸುಮಾರಿಗೆ ಮಾರುಕಟ್ಟೆಗಾಗಿ ನಡೆದ ಮಿತಿಯಿಲ್ಲದ ಬೇಟೆಯಿಂದ ಅಮೆರಿಕದಲ್ಲಿ ಈ ಜಿಂಕೆಗಳು ಐದು ಲಕ್ಷದ ಆಸುಪಾಸಿಗೆ ಇಳಿದಿದ್ದವು ಎಂಬ ಅಂದಾಜಿದೆ. ಬೇಟೆಗೆ ಋತು, ಪರವಾನಗಿಗಳ ಕಟ್ಟುಪಾಡು ಬಂತು. 1937ರ ಪಿಟ್ಮನ್-ರಾಬರ್ಟ್‌ಸನ್ ಕಾಯ್ದೆ ಕೋವಿ ಮತ್ತು ತೋಟಾಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳ ನೆಲೆ ಸುಧಾರಿಸಲೆಂದೇ ಮೀಸಲಿಟ್ಟಿತು. ಈಗ ಅವುಗಳ ಸಂಖ್ಯೆ ಸುಮಾರು ಮೂರು ಕೋಟಿ. ಇದೆಲ್ಲ ಆದರ್ಶವೆಂದು ನಾನು ಹೇಳುತ್ತಿಲ್ಲ. ತೋಳ, ಪ್ಯೂಮಾಗಳನ್ನು ಕೊಂದು ಮುಗಿಸಿದ ಸೀಮೆಗಳಲ್ಲಿ ಜಿಂಕೆ ಮಿತಿಮೀರಿ ಹೆಚ್ಚಿ ಕಾಡಿನ ಸಸಿಗಳನ್ನೆಲ್ಲ ಮೇದುಹಾಕುತ್ತಿದೆ, ರಸ್ತೆ ಅಪಘಾತಗಳಿಗೆ ಕಾರಣವಾಗುತ್ತಿದೆ. ಒಂದೇ ಪ್ರಾಣಿಯನ್ನು ಕಣ್ಣಲ್ಲಿಟ್ಟುಕೊಂಡು ನೆಲ ಹದ ಮಾಡಿದರೆ ಇಂಥ ಎಡವಟ್ಟು ತಪ್ಪಿದ್ದಲ್ಲ. ಆದರೂ ಒಂದು ಪಾಠ ಸ್ಪಷ್ಟ: ಪ್ರಾಣಿ ಉಳಿಯುವುದು ಅದರ ಜಾಗ ಉಳಿದರೆ.

ದಂಡಿನ ಕೋವಿಗಳು

ಬೆಂಗಳೂರಿಗೂ ಬೇಟೆಯ ನಂಟು ಹೊಸದಲ್ಲ. 1809ರಲ್ಲಿ ಹಲಸೂರಿನ ಸುತ್ತ ದಂಡು ನೆಲೆಯೂರಿದ ಮೇಲೆ ಆಂಗ್ಲ ಅಧಿಕಾರಿಗಳ ಚಳಿಗಾಲದ ವಿನೋದಗಳಲ್ಲಿ ಕೆರೆಯಂಗಳದ ಹಕ್ಕಿಬೇಟೆಯೂ ಒಂದಾಗಿತ್ತು. ಗದ್ದೆಯ ಕೆಸರಲ್ಲಿ ಬಣ್ಣ ಮರೆಸಿಕೊಂಡು ಕೂತು ತಟ್ಟನೆ ಅಂಕುಡೊಂಕಾಗಿ ಹಾರುವ ಉಲ್ಲಂಕಿಗೆ ಗುರಿಯಿಡುವುದು ಬಹಳ ಕಷ್ಟ. ಅದರ ಇಂಗ್ಲಿಷ್ ಹೆಸರು ಸ್ನೈಪ್. ಗುರಿಕಾರನಿಗೆ 'ಸ್ನೈಪರ್' ಎಂಬ ಹೆಸರು ಹುಟ್ಟಿದ್ದೇ ಹದಿನೆಂಟನೆಯ ಶತಮಾನದ ಭಾರತದಲ್ಲಿ ಈ ಹಕ್ಕಿಯನ್ನು ಹೊಡೆಯುತ್ತಿದ್ದ ಸಿಪಾಯಿಗಳಿಂದ. ಬೇಟೆಗೆ ಹಕ್ಕಿ ಬೇಕು, ಹಕ್ಕಿಗೆ ಕೆರೆ ಬೇಕು ಎಂಬ ಸರಳ ಲೆಕ್ಕ ಅವರಿಗೆ ತಿಳಿದಿತ್ತು. ಮೈಸೂರು ಸಂಸ್ಥಾನ 1901ರಲ್ಲೇ ಬೇಟೆಪ್ರಾಣಿ ಮತ್ತು ಮೀನುಗಳ ರಕ್ಷಣೆಗೆ ರೆಗ್ಯುಲೇಷನ್ ತಂದಿತು. ಅದರ ಉದ್ದೇಶದಲ್ಲಿ ಕರುಣೆಗಿಂತ ಬೇಟೆಯ ಮುಂದುವರಿಕೆಯೇ ಹೆಚ್ಚಿದ್ದಿರಬಹುದು. ಆದರೂ ಅದು ರಕ್ಷಣೆಯೇ.

ಬೆಂಗಳೂರಿನಲ್ಲೇ ಬಾಳಿದ ಕೆನೆತ್ ಆಂಡರ್ಸನ್ (1910–1974) ನರಭಕ್ಷಕಗಳ ಬೆನ್ನುಹತ್ತಿದ ಕತೆಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದರು. ಕೋವಿ ಹಿಡಿದು ಕಾಡು ಸುತ್ತಿದ್ದ ತೇಜಸ್ವಿಯವರು ಮುಂದೆ ಕ್ಯಾಮೆರಾ ಹಿಡಿದು, ಮೂಡಿಗೆರೆಯ ತಮ್ಮ ಕಾಫಿ ತೋಟದ ಹಕ್ಕಿಗಳ ಹಿಂದೆ ಅಷ್ಟೇ ತಾಳ್ಮೆಯಿಂದ ಕೂತರು. ಬೇಟೆಗಾರನ ಕಣ್ಣು, ಕಿವಿ, ಕಾಯುವ ಗುಣ ಯಾವುದೂ ಬದಲಾಗಲಿಲ್ಲ. ಕೈಯಲ್ಲಿದ್ದ ಸಾಧನ ಮಾತ್ರ ಬದಲಾಯಿತು. ಖಾಸಗಿ ತೋಟವೊಂದು ಜೀವಿಗಳ ನೆಲೆಯೂ ಆಗಬಲ್ಲದೆಂಬುದಕ್ಕೆ ಕನ್ನಡ ಓದುಗರು ಬೇರೆ ಸಾಕ್ಷಿ ಹುಡುಕಬೇಕಾಗಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿತು. ಆಯುಧ ಕಾಯ್ದೆಯ ವಿನಾಯಿತಿಯಿಂದ ಮನೆಯಲ್ಲಿ ಕೋವಿಯಿಟ್ಟುಕೊಂಡು ಕೈಲ್‌ಪೊಳ್ದ್‌ನಲ್ಲಿ ಅದನ್ನು ಪೂಜಿಸುವ ಕೊಡವರಿಗೂ ವನ್ಯಪ್ರಾಣಿ ಹೊಡೆಯುವ ಹಕ್ಕಿಲ್ಲ. ಇದು ಸರಿಯಾದದ್ದೇ. ಆ ಕಾಯ್ದೆ ಇಲ್ಲದಿದ್ದರೆ ಇಂದು ನಾವು ಕಾಪಾಡಲು ಉಳಿದಿರುವುದೇ ಕಡಿಮೆಯಿರುತ್ತಿತ್ತು. ಆದರೆ ಕೋವಿ ಕೆಳಗಿಳಿಸಿದೊಡನೆ ಕರ್ತವ್ಯ ಮುಗಿಯಿತೆಂದು ನಾವು ನಂಬಿದೆವು. ಮೊಲವನ್ನು ಕೊಂದರೆ ಶಿಕ್ಷೆಯಿದೆ. ಮೊಲ ಅಡಗುವ ಪೊದೆಯನ್ನು ನನ್ನ ಜಮೀನಿನಲ್ಲಿ ನಾನು ಬೇರುಸಹಿತ ಕಿತ್ತರೆ ಕೇಳುವವರಿಲ್ಲ. ಕೇಳಬೇಕೆಂದೂ ನಾನು ಹೇಳಲಾರೆ. ಬಡ ರೈತನ ಬದುವಿಗೆಲ್ಲ ಕಾನೂನು ಕಾಲಿಡುವುದು ಕ್ಷೇಮವಲ್ಲ. ಆದರೆ ಕಾನೂನು ತಲುಪದ ಆ ಜಾಗವನ್ನು ತುಂಬಬೇಕಾದದ್ದು ಮಾಲೀಕರ ತಿಳಿವಳಿಕೆಯೇ.

ತಿಳಿವಳಿಕೆಯಿಲ್ಲದ ಸದುದ್ದೇಶವೂ ಸಾಲದು. ಕೃಷ್ಣಮೃಗಗಳ ನೆಲೆಯಾದ ರಾಣೆಬೆನ್ನೂರಿನ ಹುಲ್ಲುಗಾವಲಿನಲ್ಲಿ ಹಿಂದೆ ಹಸಿರು ಬೆಳೆಸುವ ಹುಮ್ಮಸ್ಸಿನಲ್ಲಿ ನೀಲಗಿರಿ ನೆಡಲಾಯಿತು. 1974ರಲ್ಲಿ ಅದು ಅಭಯಾರಣ್ಯವಾಯಿತು. ಆದರೆ ಬಯಲಿನಲ್ಲಿ ದೂರದವರೆಗೆ ಕಣ್ಣು ಹಾಯಿಸಿ, ಓಡಿ ಪಾರಾಗುವ ಪ್ರಾಣಿಗೆ ಮರಗಳ ಗುಂಪಿನಲ್ಲಿ ಹಿತವಿಲ್ಲ. ಅವು ಸುತ್ತಲಿನ ಹೊಲಗಳಿಗೆ ಇಳಿದವು, ರೈತರಿಗೆ ತಲೆನೋವಾದವು. ಮರ ನೆಡುವುದೊಂದೇ ಪರಿಸರಪ್ರೇಮವೆಂದು ಭಾವಿಸಿದ ನಮ್ಮ ತಲೆಮಾರಿಗೆ ಇದೊಂದು ಪಾಠ. ಹುಲ್ಲನ್ನು ಹುಲ್ಲಾಗಿಯೇ ಬಿಡುವುದೂ ಸಂರಕ್ಷಣೆಯೇ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ 798 ಎಕರೆ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲಾದದ್ದು ಈ ಅರಿವಿನ ಫಲ. ಅಲ್ಲಿನ ಮೃಗಗಳಿಗೂ ಗಡಿಕಲ್ಲು ಗೊತ್ತಿಲ್ಲ. ಸುತ್ತಲ ರೈತರ ಹೊಲಗಳೂ ಅವುಗಳ ಮೇವಿನ ಬಯಲೇ.

ಕೊಕ್ಕರೆಬೆಳ್ಳೂರಿನ ಲೆಕ್ಕ

ಹಾಗಾದರೆ ಖಾಸಗಿ ಸ್ವತ್ತೂ ವನ್ಯಜೀವಿಯೂ ಒಟ್ಟಿಗೆ ಬಾಳಿದ ನಿದರ್ಶನ ನಮ್ಮಲ್ಲಿ ಇಲ್ಲವೇ? ಇದೆ, ಅದೂ ಬೆಂಗಳೂರಿಗೆ ಎರಡು ಗಂಟೆಯ ಹಾದಿಯಲ್ಲಿ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಕಾಡಿನಲ್ಲಲ್ಲ; ಊರೊಳಗೆ, ಮನೆಗಳ ಹಿತ್ತಿಲಲ್ಲಿ, ಜನರ ಸ್ವಂತ ಹುಣಸೆಮರಗಳ ಮೇಲೆ. 1976ರಲ್ಲಿ ಈ ಊರನ್ನು ಹೊರಜಗತ್ತಿನ ಗಮನಕ್ಕೆ ತಂದವರು ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು. 1980ರ ದಶಕದಲ್ಲಿ ಬೆಂಗಳೂರಿನ ರಸ್ತೆ, ಬಡಾವಣೆಗಳಲ್ಲಿ ಲಕ್ಷಾಂತರ ಸಸಿ ನೆಡಿಸಿದವರೂ ಅವರೇ. ಇಂದಿರಾನಗರದಂಥ ಬಡಾವಣೆಗಳ ನೆರಳಿನಲ್ಲಿ ನಡೆಯುವವರು ಅವರನ್ನು ನೆನೆಯಬೇಕು.

ಕೊಕ್ಕರೆಬೆಳ್ಳೂರಿನ ಜನ ಹಕ್ಕಿಗಳನ್ನು ಮನೆಮಗಳು ಹೆರಿಗೆಗೆ ತವರಿಗೆ ಬಂದಂತೆ ಕಾಣುತ್ತಾರೆ ಎಂಬ ಮಾತು ಹಳೆಯದು, ನಿಜವೂ ಹೌದು. ಆದರೆ ಬರೀ ಭಾವನೆಯಿಂದ ಮರ ಉಳಿಯುವುದಿಲ್ಲ. ಗೂಡಿರುವ ಹುಣಸೆಮರ ಬಡಿಯುವಂತಿಲ್ಲ, ಫಸಲು ಕೈಗೆ ಬರುವುದಿಲ್ಲ. ಆ ನಷ್ಟಕ್ಕೆ ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರ ಕೊಡುವ ಪದ್ಧತಿ ಬಂತು. ಮರದಡಿ ಗುಂಡಿ ತೋಡಿ, ಹಕ್ಕಿಯ ಹಿಕ್ಕೆಯನ್ನು ಕೆರೆಗೋಡಿನೊಂದಿಗೆ ಬೆರೆಸಿ ಗೊಬ್ಬರ ಮಾಡುವ ಜಾಣ್ಮೆ ಊರವರಲ್ಲಿತ್ತು. 1990ರ ದಶಕದಲ್ಲಿ ಮೈಸೂರಿನ ಪ್ರಕೃತಿ ಪ್ರೇಮಿಗಳ ನೆರವಿನಿಂದ ಕಟ್ಟಿದ ಹೆಜ್ಜಾರ್ಲೆ ಬಳಗ ಗೂಡಿನಿಂದ ಬಿದ್ದ ಮರಿಗಳನ್ನು ಸಾಕತೊಡಗಿತು. 2007ರಲ್ಲಿ ಸುಮಾರು 312 ಹೆಕ್ಟೇರ್ ಪ್ರದೇಶ ಸಮುದಾಯ ಮೀಸಲು ಎಂದು ಘೋಷಣೆಯಾಯಿತು. ಭಾವನೆ, ಪರಿಹಾರ, ಗೊಬ್ಬರ, ಕಾನೂನು ಈ ನಾಲ್ಕೂ ಸೇರಿ ಒಂದು ಹುಣಸೆಮರ ಉಳಿದಿದೆ.

2017ರ ಕೊನೆಯಿಂದ ಅಲ್ಲಿ ಹಲವು ಹೆಜ್ಜಾರ್ಲೆಗಳು ಪರೋಪಜೀವಿ ಹುಳುಗಳ ಬಾಧೆಯಿಂದ ಸತ್ತವು. ಹಕ್ಕಿ ಗೂಡು ಕಟ್ಟುವುದು ಒಂದೂರಿನಲ್ಲಿ, ಮೀನು ಹಿಡಿಯುವುದು ಹತ್ತಾರು ಊರಿನ ಕೆರೆಗಳಲ್ಲಿ. ಮರದ ಮಾಲೀಕ ಎಷ್ಟೇ ಸಜ್ಜನನಾಗಿದ್ದರೂ ಕೆರೆಯ ನೀರನ್ನು ಒಬ್ಬನೇ ಕಾಯಲಾರ. ಪೆನ್ಸಿಲ್ವೇನಿಯಾದ ಬೇಟೆಗಾರ ಹೇಳಿದ್ದೂ ಇದನ್ನೇ.

ಕೊಡಗಿನಲ್ಲಿ ಇನ್ನೊಂದು ಮಾದರಿಯಿದೆ. ಅನಿಲ್ ಮತ್ತು ಪಮೇಲಾ ಮಲ್ಹೋತ್ರಾ ದಂಪತಿ 1991ರಲ್ಲಿ ಬ್ರಹ್ಮಗಿರಿಯ ಮಗ್ಗುಲಲ್ಲಿ 55 ಎಕರೆ ಕೊಂಡು, ಕ್ರಮೇಣ ಸುಮಾರು 300 ಎಕರೆಗೆ ವಿಸ್ತರಿಸಿ, ಕಾಡಾಗಲು ಬಿಟ್ಟರು. ಆನೆ, ಕಡವೆ, ಚಿರತೆಗಳು ಅಲ್ಲಿ ಓಡಾಡುತ್ತವೆ. ಅನಿಲ್ ಅವರು 2021ರಲ್ಲಿ ತೀರಿಕೊಂಡರು. ಇದು ದೊಡ್ಡ ಸಾಧನೆ. ಆದರೆ ಎಲ್ಲರಿಗೂ ನಿಲುಕುವಂಥದ್ದಲ್ಲ. 2018ರಲ್ಲಿ ರಾಜ್ಯ ಅರಣ್ಯ ಇಲಾಖೆ ಅಭಯಾರಣ್ಯಗಳ ಅಂಚಿನ ದೊಡ್ಡ ಹಿಡುವಳಿಗಳನ್ನು ಖಾಸಗಿ ವನ್ಯಜೀವಿ ಧಾಮಗಳಾಗಿಸುವ ಪ್ರಸ್ತಾವ ಮುಂದಿಟ್ಟಾಗ, ಇದು ರೆಸಾರ್ಟುಗಳಿಗೆ ಹಿಂಬಾಗಿಲು ಎಂಬ ವಿರೋಧ ಎದ್ದಿತು. ಪ್ರಸ್ತಾವ ಮುಂದೆ ಸಾಗಲಿಲ್ಲ. ವಿರೋಧದಲ್ಲಿ ಅರ್ಥವಿತ್ತು. ಆದರೆ ಆ ಗದ್ದಲದಲ್ಲಿ ಸಣ್ಣ ಹಿಡುವಳಿಯ ಮಾತು ಏಳಲೇ ಇಲ್ಲ. ವನ್ಯಜೀವಿ ಕಾಯ್ದೆಯ 36ಸಿ ಕಲಂ ಪ್ರಕಾರ ಸಮುದಾಯವಾಗಲಿ, ಒಬ್ಬ ವ್ಯಕ್ತಿಯಾಗಲಿ ಸ್ವ ಇಚ್ಛೆಯಿಂದ ಮುಂದೆ ಬಂದರೆ ಖಾಸಗಿ ಭೂಮಿಯನ್ನೂ ಸಮುದಾಯ ಮೀಸಲೆಂದು ಘೋಷಿಸಬಹುದು. ಒಮ್ಮೆ ಘೋಷಿಸಿದರೆ ಭೂಬಳಕೆ ಬದಲಿಸಲು ಸರ್ಕಾರದ ಒಪ್ಪಿಗೆ ಬೇಕು. ನಾಳೆ ಮಗಳ ಮದುವೆಗೋ ಆಸ್ಪತ್ರೆಗೋ ಜಮೀನು ಮಾರಬೇಕಾಗಬಹುದಾದ ಸಣ್ಣ ರೈತ ಇದಕ್ಕೆ ಹಿಂಜರಿದರೆ ಅಚ್ಚರಿಯಿಲ್ಲ.

ಕುಣಿಯುವ ನವಿಲು, ಉಣ್ಣುವ ನವಿಲು

ಈ ಹಿಂಜರಿಕೆ ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಹೊಸಕೋಟೆ ತಾಲ್ಲೂಕಿನಲ್ಲಿ ನಮ್ಮ ಕುಟುಂಬಕ್ಕೆ ಎರಡು ಎಕರೆ ಹತ್ತು ಗುಂಟೆ ಪಿತ್ರಾರ್ಜಿತ ಖುಷ್ಕಿಯಿದೆ, ಜೊತೆಗೆ ಒಂದಷ್ಟು ಬಂಡೆಯ ಖರಾಬು. ತಂದೆಯವರ ಕಾಲದಲ್ಲಿ ಆ ಸೀಮೆಯ ಅನೇಕರಂತೆ ನಾವೂ ನೀಲಗಿರಿ ಹಾಕಿದ್ದೆವು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ ಮೇಲೆ ಬುಡಸಮೇತ ತೆಗೆಸಿದೆವು. ಈಗ ಒಂದೂವರೆ ಎಕರೆಯಲ್ಲಿ ರಾಗಿ, ಅವರೆ, ತೊಗರಿ. ಬಂಡೆಗೆ ತಾಗಿದ ಉಳಿದ ಭಾಗ ಮೊಲ, ಕೌಜುಗಗಳ ಪಾಲಿಗೆ ಬಿಟ್ಟಿದ್ದೇವೆ.

ಬಿಡುವುದು ಎಂದರೆ ಸುಮ್ಮನಿರುವುದಲ್ಲ, ಅದೂ ಒಂದು ಬೇಸಾಯ. ಲಂಟಾನವನ್ನು ಒಮ್ಮೆಲೇ ಕೀಳದೆ ವರ್ಷಕ್ಕಿಷ್ಟು ತೆಗೆದು ಆ ಜಾಗದಲ್ಲಿ ಕವಳೆ, ಕಾರೆ, ಬಂದರಿಕೆ, ತಂಗಡಿ ಹಬ್ಬಿಸಬೇಕು. ಮಾಘ ಕಳೆಯುವ ಮೊದಲೇ ಸುತ್ತ ಒಂದು ಮಾರಗಲ ಹುಲ್ಲು ಹೆರೆದು ಬೆಂಕಿರೇಖೆ ಮಾಡಬೇಕು. ಇಲ್ಲವಾದರೆ ಬೇಸಿಗೆಯಲ್ಲಿ ಒಂದು ಬೀಡಿಯ ಕಿಡಿಯಿಂದ ನಮ್ಮದೂ ಹೋಗುತ್ತದೆ, ಪಕ್ಕದವರ ಹುಲ್ಲಿನ ಮೆದೆಯೂ ಹೋಗುತ್ತದೆ. ತಂತಿಬೇಲಿಯ ಕೆಳಗೆ ಗೇಣಗಲ ಸಂದಿ ಬಿಡಬೇಕು. ಕೃಷಿಹೊಂಡಕ್ಕೆ ಹೊದಿಸುವ ಪ್ಲಾಸ್ಟಿಕ್ ಹಾಳೆ ನುಣುಪು. ನೀರು ಕುಡಿಯಲು ಇಳಿದ ಪ್ರಾಣಿ ಮೇಲೆ ಹತ್ತಲಾರದೆ ಮುಳುಗಿ ಸಾಯುತ್ತದೆ. ಒಂದು ಬದಿಗೆ ಕಲ್ಲಿನ ಇಳಿಜಾರು ಕಟ್ಟಿದರೆ, ಅದೂ ಆಗದಿದ್ದರೆ ಗಂಟು ಹಾಕಿದ ಹಗ್ಗ ಇಳಿಬಿಟ್ಟರೆ ಜೀವ ಉಳಿಯುತ್ತದೆ. ಇಲಿಪಾಷಾಣ ಇಡಬಾರದು, ಸತ್ತ ಇಲಿ ತಿಂದ ಗೂಬೆಯೂ ಸಾಯುತ್ತದೆ. ರಾತ್ರಿ ದೀಪ ಆರಿಸಬೇಕು, ನಾಯಿ ಕಟ್ಟಬೇಕು. ಈ ಯಾವುದಕ್ಕೂ ದೊಡ್ಡ ಖರ್ಚಿಲ್ಲ, ದೊಡ್ಡ ಜಮೀನೂ ಬೇಕಿಲ್ಲ.

ಬೇಕಾದದ್ದು ನೆರೆಯವರ ಒಪ್ಪಿಗೆ. ನಮ್ಮ ಪಕ್ಕದ ಹೊಲದ ಹಿರಿಯ ರೈತರು ಒಂದು ಬೆಳಗ್ಗೆ ಬದುವಿನ ಮೇಲೆ ನಿಂತು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: "ಸ್ವಾಮಿ, ಈ ನವಿಲುಗಳು ನಮ್ಮ ಹೊಲ್ದಾಗೆ ಉಣ್ತವೆ, ನಿಮ್ಮ ಹೊಲ್ದಾಗೆ ಕುಣೀತವೆ." ಪರಿಸರ ಸಂರಕ್ಷಣೆಯ ನ್ಯಾಯಾನ್ಯಾಯವನ್ನು ಇಷ್ಟು ಚಿಕ್ಕದಾಗಿ ಹೇಳಿದವರನ್ನು ನಾನು ಕಂಡಿಲ್ಲ. ಪಟ್ಟಣದವನಿಗೆ ನವಿಲಿನ ನೋಟ, ಹಳ್ಳಿಯವನಿಗೆ ಬಿತ್ತಿದ ಬೀಜದ ನಷ್ಟ, ಇದು ನ್ಯಾಯವಲ್ಲ. ಮಾತಾಡಿ ಒಂದು ಏರ್ಪಾಟು ಮಾಡಿಕೊಂಡೆವು. ಪೊದೆಗೆ ತಾಗಿದಂತೆ ನಮ್ಮದೇ ನೆಲದಲ್ಲಿ ನವಣೆ, ಜೋಳದ ಕೆಲವು ಸಾಲು ಬಿತ್ತಿ ಕೊಯ್ಯದೆ ಬಿಡುತ್ತೇವೆ. ಬೀಜ ಉದುರಿದ ಮೇಲೆ ಬೀಳಿನ ಒಣಹುಲ್ಲು ಪೂರ್ತಿ ಅವರ ದನಗಳಿಗೆ. ಹುಣಸೆ ಫಸಲಿನಲ್ಲಿ ಅರ್ಧ ಅವರದು. ನಷ್ಟ ಪೂರ್ತಿ ತುಂಬಿದೆ ಎನ್ನಲಾರೆ. ಬಿತ್ತನೆಯ ವಾರ ಈಗಲೂ ಅವರು ಡಬ್ಬ ಬಡಿದುಕೊಂಡು ಕಾಯುತ್ತಾರೆ. ಆದರೆ ಉರುಳು ಹಾಕುವ ಮಾತು ನಿಂತಿದೆ.

ಮನೆಯೊಳಗಿನ ಒಪ್ಪಿಗೆ ಇದಕ್ಕಿಂತ ಕಷ್ಟ. ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿ ಬಂದ ಮೇಲೆ ಆ ಸೀಮೆಯ ಬೆಲೆ ಎಲ್ಲಿಗೇರಿದೆಯೆಂದು ದಲ್ಲಾಳಿಗಳು ವಾರಕ್ಕೊಮ್ಮೆ ನೆನಪಿಸುತ್ತಾರೆ. "ಅಣ್ಣ, ಮೊಲ ಸಾಕೋಕೆ ಕೋಟಿ ಬೆಲೆಯ ಜಮೀನೇ ಬೇಕಾ?" ಎಂದು ನನ್ನ ತಮ್ಮ ಕೇಳುತ್ತಾನೆ. ಅವನಿಗೆ ಓದುವ ಇಬ್ಬರು ಮಕ್ಕಳಿದ್ದಾರೆ. ಅವನ ಪ್ರಶ್ನೆ ದುರಾಸೆಯದಲ್ಲ. ಅವನ ಪಾಲು ಮಾರುವ ಹಕ್ಕು ಅವನಿಗಿದೆ. ಬಂಡೆಯ ಬದಿಯ ಭಾಗ ನನ್ನ ಪಾಲಿಗಿರಲಿ ಎಂದಷ್ಟೇ ನಾನು ಕೇಳಿಕೊಂಡಿದ್ದೇನೆ. ಅವನು ಇನ್ನೂ ಉತ್ತರ ಕೊಟ್ಟಿಲ್ಲ.

ಇಂಥ ತೀರ್ಮಾನಗಳನ್ನು ಒಂದೊಂದು ಕುಟುಂಬದ ಒಳ್ಳೆಯತನಕ್ಕೆ ಬಿಟ್ಟರೆ ಪೂರ್ವದ ಬಯಲಿನಲ್ಲಿ ಹೆಚ್ಚೇನೂ ಉಳಿಯದು. ಮಾಡಬಹುದಾದ ಕೆಲಸಗಳಿವೆ. ತೋಟದ ಬಡಾವಣೆಗಳು ಖರಾಬು, ಹಳ್ಳ, ಬಂಡೆಸಾಲುಗಳನ್ನು ಸಮ ಮಾಡದೆ ಎಲ್ಲ ಮಾಲೀಕರ ಸಾಮೂಹಿಕ ಬೀಡಾಗಿ ಬಿಡಬೇಕೆಂಬ ನಿಯಮ ತರಬಹುದು. ನೂರು ಜನರ ಹತ್ತು ಹತ್ತು ಗುಂಟೆ ಸೇರಿದರೆ ಇಪ್ಪತ್ತೈದು ಎಕರೆ. ಪ್ರತಿಯೊಬ್ಬರೂ ಒಂದು ಗುಂಟೆ ಬಿಟ್ಟರೆ, ಒಂದಕ್ಕೊಂದು ತಾಗಿದಂತೆ ಬಿಟ್ಟರೆ, ಎರಡೂವರೆ ಎಕರೆಯ ನೆಲೆಯಾಯಿತು. ಕಾಂಪೌಂಡಿನ ಬದಲು ಜೀವಂತ ಬೇಲಿ ಬೆಳೆಸಿದರೆ ಅದೇ ಪ್ರಾಣಿಗಳ ಹಾದಿ. ಜೀವವೈವಿಧ್ಯ ಕಾಯ್ದೆಯಡಿ ಪಂಚಾಯಿತಿಗಳು ಇಡಬೇಕಾದ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಇಂಥ ಬೇಲಿ, ಬದುಗಳೂ ಸೇರಲಿ. ಕೊಕ್ಕರೆಬೆಳ್ಳೂರಿನ ಹುಣಸೆಮರಕ್ಕೆ ಸಂದ ಪರಿಹಾರ, ಹತ್ತು ವರ್ಷ ಪೊದೆ ಉಳಿಸುವೆನೆಂದು ಬರೆದುಕೊಡುವ ರೈತನಿಗೂ ಸಣ್ಣ ರೂಪದಲ್ಲಿ ಸಲ್ಲಲಿ. ಅವಧಿ ಮುಗಿದ ಮೇಲೆ ಜಮೀನಿನ ಮೇಲಿನ ಹಕ್ಕು ಅವನದೇ ಇರಲಿ. ಆಗ ಸಣ್ಣವರೂ ಧೈರ್ಯವಾಗಿ ಮುಂದೆ ಬಂದಾರು.

ಉಳದೆ ಬಿಟ್ಟ ನೆಲಕ್ಕೆ ಪಹಣಿಯ ಬೆಳೆ ಕಾಲಂನಲ್ಲಿ ಇಂದಿಗೂ 'ಬೀಳು' ಎಂದೇ ಬರೆಯುತ್ತಾರೆ. ಊರಿನಲ್ಲಿ ಆ ಪದಕ್ಕೆ ಸೋಮಾರಿಯ ಹೊಲವೆಂಬ ಅರ್ಥವೂ ಇದೆ. ಹತ್ತು ಗುಂಟೆ ಕೊಂಡು ಹೊಸದಾಗಿ ಭೂಮಾಲೀಕರಾದ ನಮ್ಮ ನಗರದ ಗೆಳೆಯರು ಹುಲ್ಲುಹಾಸಿಗೆ ನೀರು ಬಿಡುವ ಮುನ್ನ ಒಂದು ಗುಂಟೆಯನ್ನಾದರೂ ಹೀಗೆ ಬೀಳು ಬಿಟ್ಟು ನೋಡಲಿ. ಎರಡು ಮಳೆಗಾಲ ಕಳೆಯುವುದರೊಳಗೆ ಅಲ್ಲಿ ಯಾರು ಬಂದು ಸೇರುತ್ತಾರೆಂಬುದನ್ನು ಕಣ್ಣಾರೆ ಕಂಡವರು ಆ ಪದವನ್ನು ಮತ್ತೆ ಬೈಗುಳವಾಗಿ ಬಳಸಲಾರರು.